ಡಬ್ಬಿಯ ದರ್ಬಾರು

ಗ್ಯಾರೇಜಿನ ಗೇಟು ಕಂಡ ತಕ್ಷಣ ವಾಸಿಯಾಗುವ ಕಾಯಿಲೆಯೊಂದು ಕಾರುಗಳಿಗೆ ಬರುತ್ತದೆ. ಕಾರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಮೆಕ್ಯಾನಿಕ್‌ಗಳು ಮಾತ್ರ ನಂಬುವುದಿಲ್ಲ.

ನಮ್ಮದಕ್ಕೆ ಬಂದಿದ್ದು ಇದೇ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಎದ್ದು ಕೂರುತ್ತದೆ. ಅರ್ಧ ಗಂಟೆ ಓಡಿ, ಮೈ ಬಿಸಿಯಾಗಿ, ಸಿಗ್ನಲ್‌ನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಂತು, ಹಸಿರು ದೀಪ ಬಂದ ಕೂಡಲೇ ಆಫ್. ಹಿಂದಿನವರ ಹಾರ್ನ್ ಶುರು. ಸೆಲ್ಫ್ ಹೊಡೆದರೆ ಗರಗರ ಅನ್ನುತ್ತದೆ, ಹತ್ತಿಕೊಳ್ಳುವುದಿಲ್ಲ. ಪಕ್ಕಕ್ಕೆ ತಳ್ಳಿ, ಬಾನೆಟ್ ಎತ್ತಿ (ಯಾಕೆ ಎತ್ತುತ್ತೇವೋ ದೇವರಿಗೇ ಗೊತ್ತು, ಒಳಗೆ ಕಾಣುವುದೆಲ್ಲ ಪ್ಲಾಸ್ಟಿಕ್ ಮುಚ್ಚಳ), ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಜೊತೆಗೆ ಮೀಟರ್ ಪಕ್ಕದಲ್ಲಿ ಇಂಜಿನ್ ಚಿತ್ರದ ಆ ಹಳದಿ ದೀಪ. ಏನಾಗಿದೆ ಅಂತ ಹೇಳುವುದಿಲ್ಲ. ಏನೋ ಆಗಿದೆ ಅಂತ ಮಾತ್ರ ಹೇಳುತ್ತದೆ.

ಇನ್ನು ನಮ್ಮ ಮೆಕ್ಯಾನಿಕ್. ಒಳ್ಳೆಯ ಮನುಷ್ಯ, ಕೆಲಸಗಾರ, ಸುಳ್ಳು ಹೇಳುವವರಲ್ಲ. ಆದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಓದಿ ಅಳಿಸುವ ಸ್ಕ್ಯಾನರ್ ಕೈಗೆ ಬಂದ ಮೇಲೆ ಅವರಿಗೆ ಒಂದು ಚಟ ಅಂಟಿಕೊಂಡಿದೆ. ಡಿಲೀಟ್ ಮಾಡುವ ಚಟ.

ಅದನ್ನು ನೋಡಬೇಕು ನೀವು. ಡ್ರೈವರ್ ಸೀಟಿನ ಮೇಲೆ ಅಡ್ಡ ಮಲಗಿ, ಕಾಲು ಎರಡೂ ಬಾಗಿಲಿನ ಹೊರಗೆ ಬಿಟ್ಟು, ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ ಹುಡುಕುತ್ತಾರೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ವೈರ್ ಸಿಕ್ಕಿಸುವುದೇ ಇಲ್ಲ. 'ಬನ್ನಿ ಸಾರ್, ಇಲ್ನೋಡಿ' ಅಂತ ನನ್ನನ್ನು ಕರೆದು, ಟೀ ತರಲು ಹೊರಟ ಹುಡುಗನನ್ನೂ ನಿಲ್ಲಿಸಿ, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದುತ್ತಾರೆ. 'ಪಿ 0335. ಕ್ರ್ಯಾಂಕ್ ಸೆನ್ಸರ್.' ಆಮೇಲೆ ತೋರುಬೆರಳನ್ನು ಬಟ್ಟೆಗೆ ಒರೆಸಿಕೊಂಡು, ಮೇಲಕ್ಕೆತ್ತಿ, ನಾನು ನೋಡುತ್ತಿದ್ದೇನೋ ಇಲ್ಲವೋ ಅಂತ ಖಾತ್ರಿ ಮಾಡಿಕೊಂಡು ಒತ್ತುತ್ತಾರೆ. ಹಳದಿ ದೀಪ ಆರುತ್ತದೆ.

'ಹೋಯ್ತು ನೋಡಿ!'

ಸಾರ್, ಅದು ಹೋಗಿದ್ದಲ್ಲ, ನೀವು ಅಳಿಸಿದ್ದು, ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತೇನೆ. ಅವರ ಮುಖದ ಕಳೆ ನೋಡಿದರೆ ಹೇಳಲು ಮನಸ್ಸು ಬರುವುದಿಲ್ಲ. ಕೀ ಆಫ್ ಮಾಡಿ ಆನ್ ಮಾಡುತ್ತಾರೆ. 'ಇದೆಯಾ? ಇಲ್ಲ ತಾನೇ?' ಇನ್ನೊಮ್ಮೆ ಆಫ್, ಆನ್. 'ಈಗ?' ಈಗಲೂ ಇಲ್ಲ. ಟೀ ಹುಡುಗನ ಸಾಕ್ಷಿಯೂ ಆಯಿತು.

ಇಲ್ಲಿ ಒಂದು ಮೋಸ ಇದೆ. ಎಷ್ಟೋ ದೋಷಗಳನ್ನು ಕಾರಿನ ಕಂಪ್ಯೂಟರ್ ಒಂದು ಸಲ ಕಂಡ ಕೂಡಲೇ ದೀಪ ಹಚ್ಚುವುದಿಲ್ಲ, ಸತತ ಎರಡು ಓಡಾಟದಲ್ಲಿ ಕಂಡರೆ ಮಾತ್ರ ಹಚ್ಚುತ್ತದೆ. ಹಾಗಾಗಿ ಅಳಿಸಿದ ಮೇಲೆ ಗ್ಯಾರೇಜಿನಿಂದ ಮನೆಯವರೆಗೆ ದೀಪ ಬರುವುದೇ ಇಲ್ಲ. ಆ ಒಂದು ಓಡಾಟದ ಪುಣ್ಯವೆಲ್ಲ ನಮ್ಮ ಮೆಕ್ಯಾನಿಕ್ ಖಾತೆಗೆ ಜಮಾ. ಮರುದಿನ ದೀಪ ಹತ್ತಿತು ಅಂತ ಫೋನ್ ಮಾಡಿದರೆ ಬೇಜಾರೇ ಇಲ್ಲ ಅವರಿಗೆ. 'ಮತ್ತೆ ಬಂತಾ? ಬರ್ಲಿ ಬಿಡಿ ಸಾರ್, ಮತ್ತೆ ತೆಗೆಯೋಣ.' ದೀಪ ಬರುವುದು ಕಾರಿನ ಧರ್ಮ, ತೆಗೆಯುವುದು ಅವರ ಧರ್ಮ. ನಡುವೆ ರಸ್ತೆಯಲ್ಲಿ ನಿಂತು ತಳ್ಳುವುದು ಯಾರ ಧರ್ಮ ಅಂತ ಬೇರೆ ಹೇಳಬೇಕಿಲ್ಲ.

ಬರೀ ಅಳಿಸಿದರೆ ನಾನು ಒಪ್ಪುವುದಿಲ್ಲ ಅಂತ ಅವರಿಗೂ ಅನ್ನಿಸಿರಬೇಕು. ಸೆನ್ಸರ್ ಬದಲಿಸಲು ಶುರು ಮಾಡಿದರು. ಮೊದಲು ಕ್ರ್ಯಾಂಕ್ ಸೆನ್ಸರ್. ಇದರ ಕೆಲಸ ಸಣ್ಣದಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಜೊತೆ ತಿರುಗುವ ಹಲ್ಲಿನ ಚಕ್ರ ಒಂದಿರುತ್ತದೆ, 60 ಹಲ್ಲಿನ ಜಾಗದಲ್ಲಿ 58 ಮಾತ್ರ. ಆ ಖಾಲಿ ಜಾಗ ಎದುರಿಗೆ ಬಂದಾಗ ಇಂಜಿನ್ ತನ್ನ ಸುತ್ತಿನಲ್ಲಿ ಎಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು. ಅಷ್ಟು ವೇಗದಲ್ಲೂ ಆ ಬೋಳು ಜಾಗವನ್ನು ಹಿಡಿದು, ಪೆಟ್ರೋಲ್ ಯಾವಾಗ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಅಂತ ಲೆಕ್ಕ ಹಾಕಬೇಕು. ಹೊಸ ಸೆನ್ಸರ್ ಹಾಕಿದೆವು. ಕಾರು ನಿಂತಿತು. ಆಮೇಲೆ ಕೂಲೆಂಟ್ ಟೆಂಪರೇಚರ್ ಸೆನ್ಸರ್. ನಿಂತಿತು. ಥ್ರಾಟಲ್ ಸೆನ್ಸರ್. ನಿಂತಿತು, ಈ ಸಲ ಮಳೆಯಲ್ಲಿ.

ಯಾರಿಗೂ ಹೊಳೆಯದ ಪ್ರಶ್ನೆ ಒಂದಿತ್ತು. ಈ ದೂರುಗಳನ್ನೆಲ್ಲ ಬರೆಯುತ್ತಿರುವವರು ಯಾರು? ಅದೇ ಇಸಿಎಂ, ಅಂದರೆ ಇಂಜಿನ್ ನಡೆಸುವ ಆ ಕಂಪ್ಯೂಟರ್. ಅಲ್ಯೂಮಿನಿಯಂ ಡಬ್ಬಿ, ಒಳಗೊಂದು ಬೋರ್ಡು. ಇಂಥ ಸೆನ್ಸರ್‌ಗಳಿಗೆ 5 ವೋಲ್ಟ್ ಕರೆಂಟ್ ಕೊಡುವುದೂ ಅದೇ. ಆ 5 ವೋಲ್ಟನ್ನೇ ಸರಿಯಾಗಿ ಕೊಡದೆ, ಸೆನ್ಸರ್ ತಪ್ಪು ಹೇಳುತ್ತಿದೆ ಅಂತ ಅದರ ಮೇಲೇ ದೂರು ಬರೆಯುವುದು ಅಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ತನ್ನ ಪ್ರೊಸೆಸರ್ ಕೆಟ್ಟಿದೆ ಅಂತ ಬರೆದುಕೊಳ್ಳಲು ಅದಕ್ಕೆ ಪಿ 0606 ಅನ್ನುವ ಕೋಡ್ ಇದೆ. ನಮ್ಮ ಡಬ್ಬಿ ಅಷ್ಟು ದೊಡ್ಡತನ ತೋರಿಸಲಿಲ್ಲ.

ಕೊನೆಗೆ ಕಾರಿನ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಮಾತು ಕಮ್ಮಿ. ಸ್ಕ್ಯಾನರ್ ಮುಟ್ಟಲಿಲ್ಲ. ಮೊದಲು ಮೀಟರ್ ಹಿಡಿದು ಡಬ್ಬಿಗೆ ಬರುವ ಕರೆಂಟು, ಅರ್ಥಿಂಗ್ ಎರಡನ್ನೂ ನೋಡಿದರು. ಸರಿ ಇತ್ತು. ಇಂಜಿನ್ ಆನ್ ಮಾಡಿಸಿ, ಒಳಗಿನಿಂದ ಒಂದು ಹೇರ್ ಡ್ರೈಯರ್ ತಂದರು. ಅವರ ತಲೆಯಲ್ಲಿ ಒಂದೂ ಕೂದಲಿಲ್ಲ, ಅದಕ್ಕೇ ನನಗೆ ಗಾಬರಿ. ಡಬ್ಬಿಗೆ ಬಿಸಿ ಗಾಳಿ ಹಿಡಿದು, ನಿಧಾನಕ್ಕೆ ಎಡಗಡೆ ಬಲಗಡೆ ಆಡಿಸುತ್ತ, ಮದುವೆಗೆ ತಯಾರು ಮಾಡಿದಂತೆ ನಿಂತರು. ಇಂಜಿನ್ ಎರಡು ಸಲ ಬಿಕ್ಕಳಿಸಿತು. ನಿಂತಿತು. ಆಗ ಸ್ಕ್ಯಾನರ್ ಹಾಕಿದರು. ಡಬ್ಬಿ ಉತ್ತರವನ್ನೇ ಕೊಡಲಿಲ್ಲ.

'ಸಿಕ್ಕಿಬಿತ್ತು' ಅಂದರು. ಅಷ್ಟೇ.

ಬಿಚ್ಚಿ ತೋರಿಸಿದರು. ಒಂದು ಚಿಕ್ಕ ಕೆಪಾಸಿಟರ್ ತಳದಲ್ಲಿ ಸೋರಿತ್ತು. ಸೋರಿದ ರಸ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದು, ಸುತ್ತಲೂ ಹಸಿರು ಕಿಲುಬು. ಕೆಪಾಸಿಟರ್ ಒಂದೇ ಆಗಿದ್ದರೆ ಬದಲಿಸಬಹುದಿತ್ತಂತೆ. ಗೆರೆಗಳೇ ಹೋದ ಮೇಲೆ ಡಬ್ಬಿಯೇ ಬೇಕು.

ಅದನ್ನು ನೋಡುತ್ತ ನಿಂತಾಗ ಕಂಪ್ಯೂಟರ್ ಇಲ್ಲದೆ ಪೆಟ್ರೋಲ್, ಗಾಳಿ ಬೆರೆಸಿಕೊಳ್ಳುತ್ತಿದ್ದ ಹಳೆಯ ಕಾರ್ಬೊರೇಟರ್ ಗಾಡಿಗಳು ನೆನಪಾದವು. ಚಳಿಯಲ್ಲಿ ಚೋಕ್ ಎಳೆಯುವುದು, ಜೆಟ್ ಬಿಚ್ಚಿ ಬಾಯಲ್ಲಿ ಊದುವುದು, ಸ್ಕ್ರೂಡ್ರೈವರ್ ತುದಿ ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಬಂದಾಗ ಎಲೆಕ್ಟ್ರಾನಿಕ್ಸ್ ನೋಡಿಕೊಂಡಿದ್ದು ಪೆಟ್ರೋಲ್ ಚಿಮ್ಮಿಸುವುದನ್ನು ಮಾತ್ರ. 1979ರ ಮೋಟ್ರಾನಿಕ್ ಪೆಟ್ರೋಲು, ಕಿಡಿ ಎರಡನ್ನೂ ಒಂದೇ ಡಬ್ಬಿಗೆ ವಹಿಸಿತು. ಆಮೇಲಿಂದ ಕಾರು ಎಷ್ಟೋ ಸುಧಾರಿಸಿದೆ, ಮೈಲೇಜ್ ಜಾಸ್ತಿ, ಹೊಗೆ ಕಮ್ಮಿ, ಒಪ್ಪುತ್ತೇನೆ. ಆದರೆ ಇಂಜಿನ್ನಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ, 'ಮೂರನೇ ಸಿಲಿಂಡರ್ ಮಿಸ್ ಹೊಡೀತಿದೆ' ಅಂತ ಹೇಳುತ್ತಿದ್ದ ಆ ಮೆಕ್ಯಾನಿಕ್‌ಗಳು ಎಲ್ಲಿ ಹೋದರೋ. ಈಗಿನವರೂ ಅಷ್ಟೇ ಜಾಣರು. ಕಾರು ಅವರ ಹತ್ತಿರ ಮಾತಾಡುವುದನ್ನು ನಿಲ್ಲಿಸಿದೆ, ಅಷ್ಟೆ.

ಗುಜರಿಗೆ ಹೋದ ಅದೇ ಮಾಡೆಲ್ಲಿನ ಕಾರಿನಿಂದ ಡಬ್ಬಿ ಬಂತು. ಅದರ ಮೇಲಿದ್ದ ಪಾರ್ಟ್ ನಂಬರಿನ ಕೊನೆಯ ಅಕ್ಷರ ಬೇರೆ. ಪ್ಲಗ್ ಕೂರುತ್ತದೆ, ಸ್ಕ್ರೂ ಕೂರುತ್ತದೆ, ಸಾಫ್ಟ್‌ವೇರ್ ಕೂರುವುದಿಲ್ಲ. ವಾಪಸ್. ಆಮೇಲೆ ಸರಿಯಾದದ್ದು ಬಂತು. ಬ್ಯಾಟರಿ ವೈರ್ ತೆಗೆದು, ಡಬ್ಬಿ ಹಾಕಿ, ಕೀ ತಿರುಗಿಸಿದರೆ ಬೀಗದ ಚಿತ್ರದ ಕೆಂಪು ದೀಪ ಪಟಪಟ ಮಿಟುಕಿತು. ಕೀ ಒಳಗೆ ಒಂದು ಚಿಪ್ ಇರುತ್ತದೆ, ಹಳೇ ಡಬ್ಬಿಗೆ ಅದರ ಪರಿಚಯ ಇತ್ತು. ಇದಕ್ಕಿಲ್ಲ. ಎಷ್ಟೋ ಸಿಗ್ನಲ್‌ಗಳಲ್ಲಿ ನಾನು ಬೆವರು ಸುರಿಸಿ ತಳ್ಳಿದ ಕಾರು ನನ್ನನ್ನು ಕಳ್ಳ ಅಂದುಕೊಂಡಿತ್ತು.

ಡಬ್ಬಿಗೂ ಕೀಗೂ ಪರಿಚಯ ಮಾಡಿಸಲು, ಅಂದರೆ ಕೋಡಿಂಗ್ ಮಾಡಲು, ಲ್ಯಾಪ್‌ಟಾಪ್ ಹಿಡಿದ ಹುಡುಗನೊಬ್ಬ ಬಂದ. 17 ಅಕ್ಷರದ ಚಾಸಿಸ್ ನಂಬರ್ ಓದಿ ಹೇಳಿ ಅಂದ. ನಾನು 'ಐ' ಅಂದೆ. 'ಅದರಲ್ಲಿ ಐ ಇರಲ್ಲ ಸಾರ್, ಒಂದು ಅಂತ ಓದಿ.' ನಡುವೆ ಕರೆಂಟ್ ಇಳಿದರೆ ಡಬ್ಬಿ ಕೆಟ್ಟೇ ಹೋಗಬಹುದು ಅಂತ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿದ. 'ಲೈಟ್ ಹಾಕ್ಬೇಡಿ, ಫ್ಯಾನ್ ಹಾಕ್ಬೇಡಿ, ಬಾಗಿಲು ತೆಗೀಬೇಡಿ.' ನಾನು ಕೂತಿದ್ದು ಒಳಗೆ, ಗಾಜು ಪೂರ್ತಿ ಏರಿಸಿಕೊಂಡು. ಗಾಜು ಇಳಿಸಬಹುದಾ ಅಂತ ಕೈಸನ್ನೆ ಮಾಡಿದೆ. ಬೇಡ ಅಂತ ತಲೆ ಆಡಿಸಿದ. ನಿನ್ನೆ ಮಧ್ಯಾಹ್ನದ ಬಿಸಿಲು. ಡಬ್ಬಿ ಬಿಸಿಯಾದರೆ ಏನಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಅರ್ಥವಾಯಿತು.

ಈಗ ಕಾರು ಓಡುತ್ತಿದೆ. ಹೊಸ ಡಬ್ಬಿಗೆ ಇಂಜಿನ್ನಿನ ಅಭ್ಯಾಸ ಆಗುವ ತನಕ ಐಡ್ಲಿಂಗ್ ಸ್ವಲ್ಪ ಏರುಪೇರು, ಅದು ಇದ್ದದ್ದೇ. ಬೆಳಿಗ್ಗೆ ನಮ್ಮ ಮೆಕ್ಯಾನಿಕ್ ದಾರಿಯಲ್ಲಿ ಸಿಕ್ಕಿ, ಕಿಟಕಿಯೊಳಗೆ ಬಗ್ಗಿ ಮೀಟರ್ ನೋಡಿದರು. ದೀಪ ಇರಲಿಲ್ಲ. 'ನಾನ್ ಹೇಳ್ಲಿಲ್ವಾ ಸಾರ್, ಡಿಲೀಟ್ ಆಗಿದೆ ಅಂತ? ಸ್ವಲ್ಪ ಟೈಮ್ ತಗೊಳ್ಳುತ್ತೆ.'

ಬಿಚ್ಚಿದ ಕ್ರ್ಯಾಂಕ್ ಸೆನ್ಸರ್, ಕೂಲೆಂಟ್ ಸೆನ್ಸರ್, ಥ್ರಾಟಲ್ ಸೆನ್ಸರ್ ಮೂರೂ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿವೆ. ಯಾವುದಕ್ಕೂ ಏನೂ ಆಗಿಲ್ಲ. ಯಾರಿಗಾದರೂ ಬೇಕಿದ್ದರೆ ಹೇಳಿ.