ಸತ್ಯಾಂಶ: ಬಯೋಟೆಕ್ ಕೆಲಸ ಪಿಎಚ್‌ಡಿ ಮಾಡಿದವರಿಗೆ ಮಾತ್ರವೇ?

‘ಜೈವಿಕ ಆರ್ಥಿಕತೆ ಎಷ್ಟೇ ಬೆಳೆದರೂ ಕೆಲಸ ಸಿಗುವುದು ಪಿಎಚ್‌ಡಿ ಮಾಡಿದವರಿಗಷ್ಟೇ’ ಎಂಬ ಸಂದೇಶ ಬೆಂಗಳೂರಿನ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಜೈವಿಕ ಆರ್ಥಿಕತೆ ಎಂದರೆ ಜೀವಿಗಳನ್ನೂ ಜೈವಿಕ ವಸ್ತುಗಳನ್ನೂ ಬಳಸಿ ಔಷಧ, ಇಂಧನದಂಥವನ್ನು ತಯಾರಿಸುವ ಉದ್ಯಮಗಳ ಒಟ್ಟು ವಹಿವಾಟು.

1978ರಲ್ಲಿ ಇದೇ ನಗರದಲ್ಲಿ ಆರಂಭವಾದ ಬಯೋಕಾನ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಮೊದಮೊದಲು ತಯಾರಿಸಿದ ಉತ್ಪನ್ನಗಳಲ್ಲಿ ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವವೂ (ಎನ್‌ಜೈಮ್) ಒಂದು. ಅಂದರೆ ಈ ಉದ್ಯಮ ಬರೀ ಪ್ರಯೋಗಾಲಯದ ಸಂಶೋಧನೆಯಲ್ಲ, ಉತ್ಪಾದನೆಯೂ ಹೌದು. ಇಂದಿಗೂ ಇನ್ಸುಲಿನ್ ಅಥವಾ ಕಿಣ್ವ ತಯಾರಿಸುವ ಘಟಕದಲ್ಲಿ ಹುದುಗುವಿಕೆಯ ಟ್ಯಾಂಕಿನ ಉಷ್ಣಾಂಶವನ್ನೂ ಆಮ್ಲೀಯತೆಯನ್ನೂ ಹಗಲು-ರಾತ್ರಿ ಪಾಳಿಯಲ್ಲಿ ಗಮನಿಸುವವರು, ಮಾದರಿ ತೆಗೆದು ಪರೀಕ್ಷಿಸುವವರು, ಪ್ರತಿ ಬ್ಯಾಚಿನ ದಾಖಲೆ ಬರೆದಿಡುವವರು ಬೇಕೇ ಬೇಕು. ಇಂತಹ ಹಲವು ಹುದ್ದೆಗಳಿಗೆ ಡಿಪ್ಲೊಮಾ, ಬಿಎಸ್ಸಿ ಓದಿದವರನ್ನು ತೆಗೆದುಕೊಳ್ಳುತ್ತಾರೆ. ಕಬ್ಬು, ಮೆಕ್ಕೆಜೋಳದಿಂದ ಎಥನಾಲ್ ತೆಗೆಯುವ ಕಾರ್ಖಾನೆಗಳೂ ಜೈವಿಕ ಆರ್ಥಿಕತೆಯ ಲೆಕ್ಕಕ್ಕೇ ಸೇರುತ್ತವೆ.

ಹೊಸ ಔಷಧದ ಸಂಶೋಧನೆಗೆ ಉನ್ನತ ಪದವಿ ಬೇಕೆಂಬುದು ನಿಜ. ಆದರೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಬಯೋಇ3 (ಆರ್ಥಿಕತೆ, ಪರಿಸರ, ಉದ್ಯೋಗಕ್ಕಾಗಿ ಜೈವಿಕ ತಂತ್ರಜ್ಞಾನ) ನೀತಿ ಸಂಶೋಧನೆಯ ಜತೆಗೆ ಜೈವಿಕ ಉತ್ಪಾದನೆಗೂ ಒತ್ತು ಕೊಟ್ಟಿದೆ. ಭಾರತದ ಜೈವಿಕ ಆರ್ಥಿಕತೆಯನ್ನು 2030ಕ್ಕೆ 30,000 ಕೋಟಿ ಡಾಲರ್‌ಗೆ ಏರಿಸುವ ಸರ್ಕಾರದ ಗುರಿ ಮಾತ್ರ ಉದ್ಯಮದ ಮೌಲ್ಯದ್ದು. ಅದನ್ನು ಉದ್ಯೋಗದ ಭರವಸೆಯೆಂದು ಓದಬಾರದು. ಆದ್ದರಿಂದ ಕಾಲೇಜು ಆರಿಸುವಾಗ ಘಟಕಗಳಲ್ಲಿ ಪ್ರಾಯೋಗಿಕ ತರಬೇತಿ ಕೊಡಿಸುತ್ತಾರೆಯೇ ಎಂದು ತಪ್ಪದೆ ವಿಚಾರಿಸಿ.