ಶ್ರಾವಣದಲ್ಲಿ ಬಡಿಸಿದ ಹಿದುಕಿದ ಬೇಳೆ ಸಾರು

ಭಾನುವಾರ ಮಧ್ಯಾಹ್ನದಿಂದ ಮನಸ್ಸಿನಲ್ಲಿ ಕುದಿಯುತ್ತಿರುವುದನ್ನು ಬರೆದು ಮುಗಿಸದ ಹೊರತು ನನಗೆ ಸಮಾಧಾನವಿಲ್ಲ. ಮೈಸೂರಿನ ಕುವೆಂಪುನಗರದ ಸಭಾಂಗಣವೊಂದರಲ್ಲಿ ಋತುವಿಗೆ ತಕ್ಕ ಊಟ, ಕೈತೋಟ ಮತ್ತು ದೇಹದ ಆರೈಕೆಯ ಬಗ್ಗೆ ಸಭೆಯಿತ್ತು. ಎರಡು ಗಂಟೆ ಮಾತನಾಡಿದರು, ಚೆನ್ನಾಗಿಯೇ ಮಾತನಾಡಿದರು, ನಾನೂ ಟಿಪ್ಪಣಿ ಮಾಡಿಕೊಂಡೆ. ಊಟಕ್ಕೆ ಎಲೆ ಹಾಕಿದಾಗ ಬಂದದ್ದು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿದುಕಿ ತೆಗೆದು ಮಾಡುವ ಹಿದುಕಿದ ಬೇಳೆ ಸಾರು. ಹೊರಗೆ ಆಶ್ಲೇಷ ಮಳೆ ಹನಿಯುತ್ತಿದೆ, ಶ್ರಾವಣ ಮಾಸ, ಎಲೆಯ ಮೇಲೆ ಅವರೆ! ಅವರೆಯನ್ನು ಹೊಲಕ್ಕೆ ಬಿತ್ತುವ ಕಾಲದಲ್ಲಿ ಅದನ್ನು ಎಲೆಗೆ ಬಡಿಸಿದರು. ಅದೂ ಋತುವಿನ ಹೆಸರು ಹೇಳಿ ಕರೆದ ಸಭೆಯಲ್ಲಿ.

ನಾನು ನಾಗಮಂಗಲದ ಕಡೆಯ, ಮಳೆಯನ್ನೇ ನೆಚ್ಚಿದ ಖುಷ್ಕಿ ಊರಿನವಳೆಂಬುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ನಮ್ಮ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಇರುತ್ತಿತ್ತು. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಅವರೆ ಮಾತ್ರ ಹೊಲದಲ್ಲಿ ನಿಂತು, ಮಣ್ಣಿನಲ್ಲಿ ಉಳಿದ ತೇವ ಮತ್ತು ರಾತ್ರಿಯ ಇಬ್ಬನಿಯನ್ನೇ ನೆಚ್ಚಿಕೊಂಡು ಕಾಯಿ ತುಂಬುತ್ತಿತ್ತು. ನಾಟಿ ಅವರೆಯ ಸ್ವಭಾವವೇ ಹಾಗೆ. ಆಷಾಢದಲ್ಲಿ ಬಿತ್ತಿದರೂ ಶ್ರಾವಣದಲ್ಲಿ ಬಿತ್ತಿದರೂ, ಹಗಲು ಮೋಟಾಗಿ ಇರುಳು ಉದ್ದವಾಗುವ ತನಕ ಅದು ಬಳ್ಳಿ ಹಬ್ಬಿಸುತ್ತದೆಯೇ ಹೊರತು ಹೂವು ಬಿಡುವುದಿಲ್ಲ. ಮಾರ್ಗಶಿರ ಮತ್ತು ಪುಷ್ಯದ ಚಳಿಯಲ್ಲಿ ಕಾಯಿ ಬಿಡಿಸಿದರೆ ಸಿಪ್ಪೆಯ ಮೇಲಿನ ಎಣ್ಣೆಯಂತಹ ಅಂಟು ಬೆರಳಿಗೆ ಹತ್ತಿ, ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ವಾಸನೆ ಬರುತ್ತದೆ. ಅದನ್ನೇ ನಾವು ಸೊಗಡು ಎನ್ನುವುದು. ಭಾನುವಾರದ ಸಾರಿನಲ್ಲಿ ಮಸಾಲೆಯಿತ್ತು, ತೆಂಗಿನಕಾಯಿಯಿತ್ತು, ಸೊಗಡು ಇರಲಿಲ್ಲ. ಪಕ್ಕದಲ್ಲಿ ಕುಳಿತ ಹುಡುಗಿಗೆ ಇದನ್ನು ಹೇಳಿದಾಗ ಅವಳು, “ಆಂಟಿ, ಈಗ ವರ್ಷವೆಲ್ಲಾ ಸಿಗುತ್ತಲ್ಲ, ಕಾಯೋದು ಯಾಕೆ?” ಎಂದಳು. ಅವಳ ಮೇಲೆ ನನಗೆ ಕೋಪವಿಲ್ಲ. ಎರಡು ಗಂಟೆಯ ಮಾತಿನಲ್ಲಿ ಕಾಯಬೇಕೆಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲವಲ್ಲ, ಅದಕ್ಕೆ ಕೋಪ.

ವೇದಿಕೆಯ ಮೇಲೆ ಆಯುರ್ವೇದದ ಋತುಚರ್ಯೆಯನ್ನು ಉದ್ದಕ್ಕೂ ವಿವರಿಸಿದರು. ಶ್ರಾವಣ ಮತ್ತು ಭಾದ್ರಪದ ಸೇರಿದ ವರ್ಷ ಋತುವಿನಲ್ಲಿ ಜಠರಾಗ್ನಿ ಮಂದವಾಗಿರುತ್ತದೆ, ವಾತ ಕೆರಳುತ್ತದೆ, ಹಗುರವಾದ ಬಿಸಿ ಊಟ ಬೇಕು ಎಂದರು. ಹೇಮಂತದಲ್ಲಿ ಅಗ್ನಿ ಬಲವಾಗಿರುವುದರಿಂದ ಜಡ ಆಹಾರವೂ ಅರಗುತ್ತದೆ ಎಂದರು. ಸರಿ. ಅವರೆ ಜಡವೆಂದೂ ವಾತ ಹೆಚ್ಚಿಸುವುದೆಂದೂ ಅದೇ ಆಯುರ್ವೇದ ಹೇಳುತ್ತದೆ, ಮತ್ತು ನಾಟಿ ಅವರೆ ಕಾಯಿ ಬಿಡುವುದು ಅದೇ ಹೇಮಂತದಲ್ಲಿ. ಹೊಲ ಕೊಡುವ ಕಾಲಕ್ಕೂ ಹೊಟ್ಟೆ ತಾಳುವ ಕಾಲಕ್ಕೂ ಇಷ್ಟು ಚೆಂದವಾಗಿ ತಾಳೆಯಾಗುವ ಇನ್ನೊಂದು ಉದಾಹರಣೆ ನಮ್ಮ ಸೀಮೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದನ್ನು ಬಾಯಿಯಲ್ಲಿ ಹೇಳಿ, ಕೈಯಲ್ಲಿ ತದ್ವಿರುದ್ಧವಾದುದನ್ನು ಬಡಿಸಿದರೆ ಕೇಳಿದವರು ಯಾವುದನ್ನು ನಂಬಬೇಕು?

ಶ್ರಾವಣದಲ್ಲಿ ಬಡಿಸಲು ಏನೂ ಇರಲಿಲ್ಲವೇ? ಮಳೆ ಬಿದ್ದ ಮೇಲೆ ಬದುವಿನಲ್ಲಿ ಅಣ್ಣೆಸೊಪ್ಪು, ಕನ್ನೆಸೊಪ್ಪು, ಹೊನಗೊನೆ ತಾವಾಗಿಯೇ ಬರುತ್ತವೆ. ನಾಲ್ಕು ಬಗೆ ಸೇರಿಸಿದರೆ ಬೆರಕೆ ಸೊಪ್ಪಿನ ಮಸ್ಸೊಪ್ಪಾಗುತ್ತದೆ, ಕಟ್ಟು ಬಸಿದರೆ ಉಪ್ಸಾರಾಗುತ್ತದೆ. ಬೇಸಿಗೆಯ ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿಟ್ಟಿರುವುದು ಈ ಮಳೆಗಾಲಕ್ಕೆಂದೇ. ದಂಟಿನ ಸೊಪ್ಪಿನೊಂದಿಗೆ ಅದನ್ನು ಹಾಕಿ ಮಾಡಿದ ಸಾರು, ಬಿಸಿ ಮುದ್ದೆ, ಅಂಚಿಗೆ ಉಪ್ಸಾರಿನ ಖಾರ ಇದ್ದಿದ್ದರೆ ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ಎರಡು ಗಂಟೆಯ ಮಾತು ಒಂದೇ ತುತ್ತಿನಲ್ಲಿ ಅರ್ಥವಾಗುತ್ತಿತ್ತು.

ಇಲ್ಲಿ ಕೆಲವರು ರೈತರ ಮಾತು ಎತ್ತುವುದು ನನಗೆ ಗೊತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟ ಮೇಲೆ ಹಗಲು ಉದ್ದವಿರಲಿ ಮೋಟಿರಲಿ ಅವರೆ ಹೂವು ಬಿಡುತ್ತದೆ, ನೀರಿದ್ದವರು ಯಾವ ಕಾಲದಲ್ಲಾದರೂ ಬೆಳೆದು ಮಾರಬಹುದು. ಅದು ದೊಡ್ಡ ಕೆಲಸ, ಅದರಿಂದ ಒಲೆ ಉರಿಯುವ ಮನೆಗಳಿವೆ, ಬೆಳೆಯುವವರನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ಆದರೆ ಬೆಳೆಯುವವರ ಬಡತನವನ್ನು ಮುಂದಿಟ್ಟುಕೊಂಡು ಉಣ್ಣುವವರು ತಮ್ಮ ಆತುರವನ್ನು ಮುಚ್ಚಿಕೊಳ್ಳಬಾರದು. ಮಳೆಗಾಲದಲ್ಲಿ ಸೊಪ್ಪು ಕಿತ್ತು ತಂದು ಮಾರುಕಟ್ಟೆಯ ಹೊರಗೆ ಗೋಣಿತಾಟಿನ ಮೇಲೆ ಹರಡಿಕೊಂಡು ಕುಳಿತ ಹೆಂಗಸರೂ ರೈತರ ಮನೆಯವರೇ. ಅವರಿಂದ ಹತ್ತು ಕಟ್ಟು ಸೊಪ್ಪು ಕೊಳ್ಳಲು ಯಾವ ಅಡ್ಡಿಯಿತ್ತು?

ಈ ವಿಷಯದಲ್ಲಿ ನನ್ನ ಮೇಲೂ ಒಂದು ತಪ್ಪಿದೆ, ಅದನ್ನು ಈವರೆಗೆ ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ನಿವೃತ್ತಿಯಾದ ಮರುವರ್ಷ ಹಿತ್ತಲಿನ ಮಡಿಯಲ್ಲಿ ನಾನೇ ಆ ಹೆಬ್ಬಾಳ ಅವರೆಯ ಬೀಜ ಹಾಕಿದೆ. ದಿನವೂ ನೀರು ಹನಿಸಿದೆ, ಹೇನು ಕಂಡಾಗ ಒಲೆಯ ಬೂದಿ ಎರಚಿದೆ, ವೈಶಾಖದ ಬಿಸಿಲಿನಲ್ಲಿ ಬುಟ್ಟಿ ತುಂಬ ಕಾಯಿ ಬಂತು. ಅಕ್ಕಪಕ್ಕದ ಮನೆಗಳಿಗೆಲ್ಲಾ ಹಂಚಿ ಹೆಮ್ಮೆಪಟ್ಟೆ. ಆ ವರ್ಷದ ಧನುರ್ಮಾಸದಲ್ಲಿ ದೇವರಾಜ ಮಾರುಕಟ್ಟೆಯಿಂದ ಐದು ಕಿಲೋ ಸೊಗಡಿನ ಕಾಯಿ ತಂದು ಹಜಾರದಲ್ಲಿ ಸುರಿದಾಗ ಒಬ್ಬರೂ ಬಂದು ಕೂರಲಿಲ್ಲ. “ಈಗಾಗಲೇ ತಿಂದಾಯಿತಲ್ಲಮ್ಮ” ಎಂದು ಮಗ ಫೋನು ಹಿಡಿದುಕೊಂಡು ಒಳಗೆ ಹೋದ. ಪ್ರತಿ ವರ್ಷ ಬರುತ್ತಿದ್ದ ಎದುರುಮನೆಯ ಅಕ್ಕನೂ ಬರಲಿಲ್ಲ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹಿದುಕಲು ನಾನೊಬ್ಬಳೇ ಕುಳಿತಾಗ, ನನ್ನ ಕೈಯಾರೆ ಏನು ಹಾಳುಮಾಡಿದೆನೆಂದು ತಿಳಿದು ಕಣ್ಣಲ್ಲಿ ನೀರು ಬಂತು.

ಅವರೆ ಹಿದುಕುವುದು ಒಬ್ಬರ ಕೆಲಸವಲ್ಲ. ನಾಲ್ಕು ಜನ ಸುತ್ತ ಕುಳಿತು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದೇ ಕಾಳು ಒತ್ತಿ, ಬೇಳೆ ಪಾತ್ರೆಗೆ ಹಾರುವಾಗ ಮನೆಯ ಕಷ್ಟಸುಖ ಮಾತನಾಡಿಕೊಳ್ಳುತ್ತಿದ್ದೆವು. ನನ್ನ ಗಂಡ ತೀರಿಕೊಂಡ ವರ್ಷ ನಾನು ಮೊದಲು ಬಾಯಿಬಿಟ್ಟು ಅತ್ತದ್ದು ಆ ಸಿಪ್ಪೆಯ ರಾಶಿಯ ಮುಂದೆ, ಎದುರುಮನೆಯ ಅಕ್ಕ ಹಿದುಕುವುದನ್ನು ನಿಲ್ಲಿಸದೆ ಕೇಳುತ್ತಿದ್ದಾಗ. ಆರೈಕೆ ಎಂದು ಭಾನುವಾರ ಎಷ್ಟೋ ಸಲ ಹೇಳಿದರಲ್ಲ, ನನಗೆ ಗೊತ್ತಿರುವ ಆರೈಕೆ ಅದು. ಚಳಿಗೆ ಮುಂಚೆ ಅದು ಬರುವುದಿಲ್ಲ. ಹಿದುಕಿ ಹೆಪ್ಪುಗಟ್ಟಿಸಿದ ಬೇಳೆಯ ಪ್ಯಾಕೆಟ್ಟಿನಲ್ಲೂ ಬರುವುದಿಲ್ಲ.

ಆಮೇಲೆ ನಾನು ಆ ಬೀಜವನ್ನು ಮತ್ತೆ ಹಾಕಿಲ್ಲ. ಊರಿನಿಂದ ತಂದು ಬೂದಿ ಬೆರೆಸಿಟ್ಟಿದ್ದ ಚಪ್ಪರದವರೆಯ ಬೀಜವನ್ನು ಇಂದು ಬೆಳಿಗ್ಗೆ ಮಳೆ ಬಿಟ್ಟ ಹೊತ್ತಿನಲ್ಲಿ ಗುಣಿಗೆ ಎರಡೆರಡರಂತೆ ಹಾಕಿದ್ದೇನೆ. ಸಭೆ ನಡೆಸಿದವರಿಗೂ ಪತ್ರ ಬರೆದಿದ್ದೇನೆ. ಮುಂದಿನ ಸಭೆಯನ್ನು ಪುಷ್ಯ ಮಾಸದಲ್ಲಿ ಇಟ್ಟುಕೊಳ್ಳಿ, ಭಾಷಣ ಅರ್ಧ ಗಂಟೆ ಸಾಕು, ಉಳಿದ ಹೊತ್ತು ಬಂದವರೆಲ್ಲರೂ ನೆಲದ ಮೇಲೆ ಕುಳಿತು ಕಾಳು ಹಿದುಕಲಿ, ಕಾಯಿ ನಾನು ತರುತ್ತೇನೆ ಎಂದು ಕೇಳಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.