ಫೇಲಾಗಿ, ಕಟ್ಟಡ ಉಳಿಸಿ

ಬ್ಯಾಂಕುಗಳನ್ನು ಹೆತ್ತ ಊರು ನಮ್ಮದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿದವರ ಮೊಮ್ಮಕ್ಕಳಿಗೆ ಸಾಲ, ಬಡ್ಡಿ ಅಂದರೇನು ಎಂದು ಯಾರೂ ಪಾಠ ಮಾಡಬೇಕಾಗಿಲ್ಲ. ಆದರೂ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಟ್ಟಡ ಬೇಕಾದರೆ ಹುಡುಗರ ಫೀಸನ್ನೇ ಅಡ ಇಡಬಹುದು ಎನ್ನುವ ಬುದ್ಧಿ ನಮ್ಮ ಹಳೆಯ ಬ್ಯಾಂಕಿನ ಧಣಿಗಳಿಗೆ ಹೊಳೆದಿರಲಿಲ್ಲ. ಅದಕ್ಕೆ ಅಮೆರಿಕವೇ ಬೇಕಾಯಿತು.

ಅಲ್ಲಿ ಇದನ್ನು ರೆವೆನ್ಯೂ ಬಾಂಡ್ ಎನ್ನುತ್ತಾರೆ. ಹಾಸ್ಟೆಲ್ ಕಟ್ಟಬೇಕಾ? ಮಾರುಕಟ್ಟೆಯಲ್ಲಿ ಬಾಂಡ್ ಎಂಬ ಸಾಲಪತ್ರ ಮಾರಿ ದುಡ್ಡು ಎತ್ತುವುದು, ಹಾಸ್ಟೆಲ್ ಬಾಡಿಗೆಯಲ್ಲಿ ತೀರಿಸುವುದು. ಇಷ್ಟೇ ಆದರೆ ಜಗಳ ಇಲ್ಲ. ಆದರೆ ಕ್ಲಾಸ್‌ರೂಮಿಗೆ ಬಾಡಿಗೆ ಬರುವುದಿಲ್ಲ. ಲೈಬ್ರರಿಗೂ ಬರುವುದಿಲ್ಲ. ಆಗ ವಿಶ್ವವಿದ್ಯಾಲಯಕ್ಕೆ ಬರುವ ಆದಾಯವನ್ನೆಲ್ಲ ಒಟ್ಟು ಗಂಟು ಕಟ್ಟಿ, ಹುಡುಗರ ಫೀಸನ್ನೂ ಅದರೊಳಗೆ ತುರುಕಿ, ಇಡೀ ಗಂಟನ್ನೇ ಅಡ ಇಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2012ರಲ್ಲಿ ಹೀಗೆ 86 ಕೋಟಿ ಡಾಲರ್ ಎತ್ತಿತು. ಅವಧಿ ಎಷ್ಟು ಗೊತ್ತುಂಟಾ? 100 ವರ್ಷ. ಅಸಲು ಕೈಸೇರುವುದು 2112ರಲ್ಲಿ. ಸಾಲ ಮಾಡಿದವರೂ ಇರುವುದಿಲ್ಲ, ಕೊಟ್ಟವರೂ ಇರುವುದಿಲ್ಲ. ವಸೂಲಿಗೆ ಫೋನ್ ಮಾಡುವವರ ಅಜ್ಜ ಇನ್ನೂ ಹುಟ್ಟಬೇಕಷ್ಟೆ.

ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ 40 ಕೋಟಿಗೂ ಜಾಸ್ತಿ ಡಾಲರ್ ಸಾಲ ಮಾಡಿ ಫುಟ್‌ಬಾಲ್ ಸ್ಟೇಡಿಯಂ ಸರಿಮಾಡಿಸಿದರು. ಸೀಟುಗಳನ್ನು ದಶಕಗಳ ಲೆಕ್ಕದಲ್ಲಿ ಮಾರಿ ತೀರಿಸುವ ಅಂದಾಜು. ಸೀಟು ಅಷ್ಟು ಹೋಗಲಿಲ್ಲ. ಆ ಸ್ಟೇಡಿಯಮ್ಮಿನ ಅಡಿಯಲ್ಲೇ ಹೇವರ್ಡ್ ಎಂಬ ಭೂಕಂಪದ ಬಿರುಕು ಹಾದುಹೋಗಿದೆ. ನೂರು ವರ್ಷದ ಸಾಲಕ್ಕೆ ಎಂಥಾ ಅಡಿಪಾಯ!

ನಮಗೇನೂ ಇದು ತೀರಾ ವಿಚಿತ್ರ ಅನ್ನಿಸಬೇಕಾಗಿಲ್ಲ. ಕಟೀಲು ಮೇಳದ ಹರಕೆ ಯಕ್ಷಗಾನ ಆಟವೂ ಹತ್ತಾರು ವರ್ಷ ಮುಂದಕ್ಕೆ ಬುಕ್ ಆಗಿರುತ್ತದಲ್ವಾ? ಒಂದೇ ವ್ಯತ್ಯಾಸ. ಹರಕೆ ಹೊತ್ತವರು ತಮ್ಮ ದುಡ್ಡಲ್ಲಿ ಆಟ ಆಡಿಸುತ್ತಾರೆ. ಇಲ್ಲಿ ಹರಕೆ ಆಡಳಿತದವರದ್ದು, ದುಡ್ಡು ಇನ್ನೂ ಎಲ್‌ಕೆಜಿಗೂ ಸೇರದ ಮಕ್ಕಳದ್ದು.

ನಮ್ಮ ಸರ್ಕಾರವೂ ಕೈಕಟ್ಟಿ ಕೂರಲಿಲ್ಲ. ಕೆನರಾ ಬ್ಯಾಂಕನ್ನು ಜೊತೆಗಿಟ್ಟುಕೊಂಡು ಕೇಂದ್ರದವರು 2017ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಾಲ ಕೊಡಲು ಹೆಫಾ ಎಂಬ ಕಂಪನಿ ಶುರು ಮಾಡಿದರು. ಮೊದಲು ಅನುದಾನ ಎಂದು ಬರುತ್ತಿದ್ದ ದುಡ್ಡು ಈಗ ಸಾಲ ಎಂದು ಬರುತ್ತದೆ. ಸಾಲ ಪಡೆದ ಸಂಸ್ಥೆ ತನ್ನ ಗಳಿಕೆಯಲ್ಲಿ ಇಂತಿಷ್ಟನ್ನು ಹತ್ತು ವರ್ಷ, ಸಾಲ ತೀರಿಸಲೆಂದೇ ಇಟ್ಟ ಎಸ್ಕ್ರೋ ಖಾತೆಗೆ ಕಟ್ಟಬೇಕು. ಆ ಮುಂದಿನ ಗಳಿಕೆಯನ್ನೇ ತೋರಿಸಿ ಹೆಫಾ ಮಾರುಕಟ್ಟೆಯಿಂದ ಹಣ ತರುತ್ತದೆ. ಮೊದಲ ಕಂತಿನಲ್ಲಿ ಆರು ಸಂಸ್ಥೆಗಳಿಗೆ ಸುಮಾರು 2,067 ಕೋಟಿ ರೂಪಾಯಿ ಮಂಜೂರಾಯಿತು. ಐದು ಐಐಟಿಗಳು, ಆರನೆಯದು ನಮ್ಮ ಸುರತ್ಕಲ್ಲಿನ ಎನ್‌ಐಟಿಕೆ. ಕಟ್ಟಡ ಸರ್ಕಾರದ್ದು, ಶಿಲಾಫಲಕ ಮಂತ್ರಿಗಳದ್ದು, ಅಸಲು ಮಾತ್ರ ಸಂಸ್ಥೆಯದ್ದು. ಸಂಸ್ಥೆಗೆ ದುಡ್ಡು ಬರುವ ದೊಡ್ಡ ದಾರಿ ಯಾವುದು ಎಂದು ಬಿಡಿಸಿ ಹೇಳಬೇಕಾ?

ಎಂಜಿನಿಯರ್ ಹುಡುಗರು ಹೇಗೋ ಕಟ್ಟಿಯಾರು. ನನ್ನ ತಲೆಬಿಸಿ ಕೊಣಾಜೆ ಗುಡ್ಡದ ಮಂಗಳೂರು ವಿಶ್ವವಿದ್ಯಾಲಯದ್ದು. ಬಿಎ, ಬಿಕಾಂ ಮಕ್ಕಳ ವಿಶ್ವವಿದ್ಯಾಲಯಕ್ಕೂ ನಾಳೆ ಈ ಬಾಂಡ್ ಬಂತು ಎಂದಿಟ್ಟುಕೊಳ್ಳಿ. ಸಾಲ ತೀರೀತಾ ಎಂದು ನೋಡಿ ದರ್ಜೆ ಕೊಡುವ ರೇಟಿಂಗ್ ಸಾಹೇಬರು ಮುಂಬೈಯಿಂದ ಇಳಿಯುತ್ತಾರೆ. ಗೋಳಿಬಜೆ ತಿಂದು ಕೈ ಒರೆಸಿಕೊಂಡು ಕೇಳುತ್ತಾರೆ: "ನಿಮ್ಮ ಖಾಯಂ ಆದಾಯ ಯಾವುದು?"

"ಪರೀಕ್ಷಾ ಶುಲ್ಕ ಉಂಟು ಸರ್. ಮರುಮೌಲ್ಯಮಾಪನ ಉಂಟು. ದಂಡಶುಲ್ಕ ಉಂಟು. ಮಾರ್ಕ್ಸ್‌ಕಾರ್ಡ್ ಕಳೆದುಹೋದರೆ ಅದಕ್ಕೊಂದು ಫೀಸ್."

"ಪಾಸಾದವನು ಎಷ್ಟು ಸಲ ಕಟ್ಟುತ್ತಾನೆ?"

"ಒಂದು ಸಲ."

"ಫೇಲಾದವನು?"

"ಪಾಸಾಗುವ ತನಕ, ಆರು ತಿಂಗಳಿಗೊಮ್ಮೆ."

ಸಾಹೇಬರ ಕಣ್ಣು ಅರಳುತ್ತದೆ. ಬಾಂಡಿನ ಬಡ್ಡಿಯೂ ಆರು ತಿಂಗಳಿಗೊಮ್ಮೆ! ಸೆಮಿಸ್ಟರ್ ಪದ್ಧತಿ ತಂದವರ ದೂರದೃಷ್ಟಿ ಈಗ ಅರ್ಥವಾಯಿತು ನೋಡಿ. ಮೂರು ಪೇಪರ್ ಬಾಕಿ ಇರುವ ಹುಡುಗ ಇನ್ನು ದಡ್ಡನಲ್ಲ ಮಾರಾಯ್ರೆ, ಸ್ಥಿರ ಆದಾಯ.

ಆದರೆ ನಮ್ಮ ಕಡೆ ಒಂದು ದೊಡ್ಡ ತೊಂದರೆ ಉಂಟು. 2024ರ ಪಿಯುಸಿಯಲ್ಲಿ ದಕ್ಷಿಣ ಕನ್ನಡ 97.37, ಉಡುಪಿ 96.80 ಪರ್ಸೆಂಟ್ ಪಾಸು. ರಾಜ್ಯಕ್ಕೇ ಮೊದಲು, ಎರಡನೆಯದು. ಊರಿಡೀ ಫ್ಲೆಕ್ಸ್. ಈ ಮಕ್ಕಳೇ ಅಲ್ವಾ ಮುಂದೆ ಡಿಗ್ರಿಗೆ ಬರುವುದು? ಹೂಡಿಕೆಗೆ ಇಂಥ ಜಿಲ್ಲೆ ಬಹಳ ಅಪಾಯ. ರೇಟಿಂಗ್ ಉಳಿಯಬೇಕಾದರೆ ಪ್ರಶ್ನೆಪತ್ರಿಕೆ ಸ್ವಲ್ಪ ಸಿಲೆಬಸ್ಸಿನ ಹೊರಗೆ ಹೋಗಬೇಕು. ಗ್ರೇಸ್ ಮಾರ್ಕು ಕೊಡಲು ಬಾಂಡ್‌ದಾರರ ಒಪ್ಪಿಗೆ ಪತ್ರ ಬೇಕು. ಒಳ್ಳೆ ಪಾಠ ಮಾಡುವ ಮೇಷ್ಟ್ರಿಗೆ ಮೆಮೊ.

ಹೂಡಿಕೆದಾರರಿಗೆ ಕೊಡುವ ಪುಸ್ತಕದಲ್ಲಿ ಅಪಾಯಗಳ ಪುಟ ಅಂತ ಒಂದಿರುತ್ತದೆ. ಅದರಲ್ಲಿ ಮೊದಲನೆಯದು ಮಳೆ. ಜುಲೈಯಲ್ಲಿ ಡಿಸಿ ರಜೆ ಕೊಟ್ಟರೆ ಕ್ಯಾಂಟೀನ್ ಆದಾಯ ಬಿತ್ತು. ಎರಡನೆಯದು ನಕ್ಷೆ. ಕೊಣಾಜೆಯ ಕೈಕೆಳಗಿದ್ದ ಕೊಡಗಿನ ಕಾಲೇಜುಗಳಿಗೆ 2023ರಲ್ಲಿ ಬೇರೆಯೇ ವಿಶ್ವವಿದ್ಯಾಲಯ ಆಯಿತು. ಅವುಗಳ ಫೀಸೂ ಘಾಟಿ ಹತ್ತಿ ಹೋಯಿತು. ಎರಡೇ ವರ್ಷದಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಎಂದಿತು. ಮೂವತ್ತು ವರ್ಷದ ಬಾಂಡಿಗೆ ಸಹಿ ಹಾಕುವವರು ಎರಡು ವರ್ಷದಲ್ಲಿ ವಿಶ್ವವಿದ್ಯಾಲಯವೇ ಇರುತ್ತದಾ ಎಂದು ಯಾರನ್ನು ಕೇಳುವುದು? ಕುಲಪತಿಗಳ ಅವಧಿ ನಾಲ್ಕು ವರ್ಷ. ಗುದ್ದಲಿ ಪೂಜೆ ಒಬ್ಬರದ್ದು, ಕೊನೆಯ ಕಂತಿನ ಹೊತ್ತಿಗೆ ಏಳನೆಯವರೋ ಎಂಟನೆಯವರೋ ಬಂದಿರುತ್ತಾರೆ. ಅವರು ಹಳೆಯ ಫೈಲ್ ತರಿಸುತ್ತಾರೆ. ಅದನ್ನು ಗೆದ್ದಲು ತಿಂದಿರುತ್ತದೆ.

ತೆರಿಗೆ ದುಡ್ಡಲ್ಲಿ ಸುಮ್ನೆ ಕಟ್ಟಿಸಿಬಿಡಬಾರದಾ ಎಂದು ಕೇಳಬೇಡಿ. ಅದು ಹಳೆಯ ಕಾಲದ ಪ್ರಶ್ನೆ. ಮಕ್ಕಳು ಓದಿದರೆ ಊರಿಗೂ ಲಾಭ ಅಂತ ಜನ ನಂಬಿದ್ದ ಕಾಲದ್ದು.

ಅಂತೂ ಕಟ್ಟಡ ಎದ್ದಿತು ಎನ್ನೋಣ. ನಕ್ಷೆ ಬೆಂಗಳೂರಿನದ್ದು, ಆದ್ದರಿಂದ ಮೇಲೆ ಸಪಾಟು ತಾರಸಿ. ಮೊದಲ ಮಳೆಗೇ ಸೋರಿತು. ತಾರಸಿ ಮೇಲೆ ಶೀಟು ಹಾಕಬೇಕು ಎಂದು ಅಟೆಂಡರ್ ಮೊದಲೇ ಹೇಳಿದ್ದ. ಅವನ ಮಾತಿಗೆ ರೇಟಿಂಗ್ ಇರಲಿಲ್ಲ. ಈಗ ಶೀಟಿಗೆಂದು ಎರಡನೇ ಬಾಂಡ್ ಬೇಕು. ಯಾವ ಆದಾಯ ಅಡ ಇಡುವುದು ಎಂದು ಸಿಂಡಿಕೇಟ್ ಸಭೆ ಕೂತಿದೆ. ಪರೀಕ್ಷಾ ಶುಲ್ಕ ಹೋಯಿತು, ಮರುಮೌಲ್ಯಮಾಪನ ಹೋಯಿತು, ಕ್ಯಾಂಟೀನೂ ಹೋಯಿತು. ಬಾಕಿ ಉಳಿದದ್ದು ಘಟಿಕೋತ್ಸವದ ಗೌನಿನ ಬಾಡಿಗೆ. ಆದರೆ ಪಾಸಾಗುವವರನ್ನೇ ಕಮ್ಮಿ ಮಾಡಿದ ಮೇಲೆ ಗೌನು ಹಾಕಿಕೊಳ್ಳುವವರು ಯಾರು ಎಂದು ರಿಜಿಸ್ಟ್ರಾರ್ ಕೇಳಿದ್ದಾರೆ. ಸಭೆಯನ್ನು ಊಟಕ್ಕೆ ಮುಂದೂಡಲಾಗಿದೆ.